ನಿಮಗಿದು ಗೊತ್ತೇ? ಊರಿನ ಪುಟ ತಿದ್ದುವ ಟೋಕನ್

● ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ ಸೇರಿತು. 1997ರಲ್ಲಿ ಯಳಂದೂರಿನ ಜೊತೆ ಚಾಮರಾಜನಗರ ಜಿಲ್ಲೆಗೆ ಬಂತು. ಕೆಲವೇ ವರ್ಷಗಳ ಹಿಂದೆ ಹನೂರು ಅದರಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಅದರೊಂದಿಗೆ ಹನೂರಿಗೆ ಸೇರಿದ ಮಲೆ ಮಹದೇಶ್ವರ ಬೆಟ್ಟದ ವಿಳಾಸವೂ ಬದಲಾಯಿತು. ಕನ್ನಡ ವಿಕಿಪೀಡಿಯದಲ್ಲಿ ಇಂಥ ಬದಲಾವಣೆಯನ್ನು ಪುಟಪುಟಕ್ಕೂ ಕೈಯಿಂದಲೇ ತಿದ್ದಬೇಕೆಂದಿಲ್ಲ. ಪುಟ್ಟ ಪ್ರೋಗ್ರಾಂ ಒಂದು ಎಪಿಐ (ಪ್ರೋಗ್ರಾಂಗಳು ತಾಣದೊಡನೆ ವ್ಯವಹರಿಸುವ ದಾರಿ) ಮೂಲಕ ತಿದ್ದಬಲ್ಲದು.

● ಆ ಪ್ರೋಗ್ರಾಂ ಮೊದಲು ಸರ್ವರ್‌ನಿಂದ ಲಾಗಿನ್ ಟೋಕನ್ ಎಂಬ ಗುರುತಿನ ಅಕ್ಷರಸರಣಿಯನ್ನು ಕೇಳಿ ಪಡೆಯಬೇಕು. ಅದನ್ನು ಹೆಸರು, ಪಾಸ್‌ವರ್ಡ್ ಜೊತೆ ಕಳಿಸಿದರೆ ಒಳಗೆ ಪ್ರವೇಶ. ಪುಟ ಉಳಿಸಲು ಇನ್ನೊಂದು ಟೋಕನ್ ಬೇಕು. ಬೇರೆ ಯಾವುದೋ ತಾಣ ನಿಮ್ಮ ಬ್ರೌಸರ್ ಬಳಸಿ ನಿಮ್ಮ ಹೆಸರಿನಲ್ಲಿ ಕದ್ದು ತಿದ್ದದಂತೆ ತಡೆಯುವುದು ಈ ಎರಡನೆಯದೇ.

● ಪೈಥಾನ್‌ನ ‘ಪೈವಿಕಿಬಾಟ್’ ಲೈಬ್ರರಿ ಇದನ್ನೆಲ್ಲ ತಾನೇ ನಿಭಾಯಿಸುತ್ತದೆ. ಟೋಕನ್ ಹಳತಾಗಿ ಸರ್ವರ್ ತಿರಸ್ಕರಿಸಿದರೆ ಹೊಸದನ್ನು ತರುತ್ತದೆ. ಸರ್ವರ್ ಮೇಲೆ ಹೊರೆ ಹೆಚ್ಚಿದ್ದರೆ ಕಾಯುತ್ತದೆ.

● ವಿಕಿಪೀಡಿಯದ ತಿದ್ದುಪಡಿ ಟೋಕನ್ ಕೂಡು ಚಿಹ್ನೆ ಮತ್ತು ಹಿಂದಕ್ಕೆ ವಾಲಿದ ಓರೆಗೆರೆಯಿಂದ ಕೊನೆಯಾಗುತ್ತದೆ. ಅಕ್ಷರ ಕೆಡಿಸುವ ದೋಷಯುಕ್ತ ಪ್ರಾಕ್ಸಿಗಳ (ನಡುವೆ ನಿಂತು ಮಾಹಿತಿ ದಾಟಿಸುವ ಸರ್ವರ್‌ಗಳ) ಮೂಲಕ ಯಾರೂ ತಿದ್ದದಿರಲೆಂದು ಬೇಕಂತಲೇ ಅವನ್ನು ಇಟ್ಟಿದ್ದಾರೆ. ಕೈಯಾರೆ ಕೋಡ್ ಬರೆಯುವವರು ಎಡವುವುದೂ ಇಲ್ಲೇ: ಸರಿಯಾಗಿ ಎನ್‌ಕೋಡ್ ಮಾಡದಿದ್ದರೆ ಕೂಡು ಚಿಹ್ನೆ ಖಾಲಿ ಜಾಗವಾಗಿ ಹೋಗುತ್ತದೆ, ಸರ್ವರ್ ‘ಟೋಕನ್ ಸರಿಯಿಲ್ಲ’ ಎನ್ನುತ್ತದೆ. ಲೈಬ್ರರಿ ಬಳಸಲು ನನ್ನ ಮಟ್ಟಿಗೆ ಈ ಒಂದು ಕಾರಣವೇ ಸಾಕು.

● ಪ್ರೋಗ್ರಾಂಗೆ ನಿಮ್ಮ ನಿಜ ಪಾಸ್‌ವರ್ಡ್ ಕೊಡಲೇಬೇಡಿ. ಇಂಥ ಸ್ವಯಂಚಾಲಿತ ಪ್ರೋಗ್ರಾಂಗಳಿಗೆ, ಅಂದರೆ ಬಾಟ್‌ಗಳಿಗೆ, ‘ಬಾಟ್ ಪಾಸ್‌ವರ್ಡ್’ ಎಂಬ ಪ್ರತ್ಯೇಕ ವ್ಯವಸ್ಥೆಯಿದೆ. ಪುಟ ತಿದ್ದುವ ಅಧಿಕಾರವನ್ನಷ್ಟೇ ಕೊಡಬಹುದು, ಇಂಥ ಐಪಿ ವಿಳಾಸದಿಂದ ಮಾತ್ರ ಎಂದು ಕಟ್ಟುಹಾಕಬಹುದು, ಸಂದೇಹ ಬಂದರೆ ರದ್ದುಪಡಿಸಬಹುದು. ಖಾತೆಯ ಪಾಸ್‌ವರ್ಡ್ ಬದಲಿಸಬೇಕಿಲ್ಲ.

● ಟೋಕನ್‌ಗಳ ಬಳಕೆ ವಿಕಿಪೀಡಿಯಕ್ಕಷ್ಟೇ ಸೀಮಿತವಲ್ಲ. ಪಾಸ್‌ವರ್ಡ್ ಹಂಚಿಕೊಳ್ಳದೆ ಟೋಕನ್ ಮೂಲಕ ಅನುಮತಿ ಕೊಡುವ ಓಆತ್ 2.0 ಎಂಬ ಮಾನದಂಡ ಪ್ರಕಟವಾದದ್ದು 2012ರಲ್ಲಿ. ಡಿಜಿಲಾಕರ್‌ನಿಂದ ಅಂಕಪಟ್ಟಿ ಪಡೆಯಲು ಬೇರೊಂದು ಸಂಸ್ಥೆ ನಿಮ್ಮ ಒಪ್ಪಿಗೆ ಕೇಳುವುದೂ ಇದೇ ವಿಧಾನದಲ್ಲಿ.

● ಇನ್ನೊಂದು ಬಗೆಯ ಟೋಕನ್ 2015ರಲ್ಲಿ ಮಾನದಂಡವಾಗಿ ಪ್ರಕಟವಾದ ಜೆಡಬ್ಲ್ಯುಟಿ (ಜೇಸನ್ ವೆಬ್ ಟೋಕನ್). ಅದರಲ್ಲಿ ಸಾಮಾನ್ಯವಾಗಿ ಚುಕ್ಕಿಯಿಂದ ಬೇರ್ಪಟ್ಟ ಮೂರು ಭಾಗಗಳಿರುತ್ತವೆ. ನಡುವಿನದು ಗೂಢಲಿಪಿಯಂತೆ ಕಂಡರೂ ಯಾರು ಬೇಕಾದರೂ ಬಿಡಿಸಿ ಓದಬಹುದು. ಮೂರನೆಯದಾದ ಸಹಿ ತಿದ್ದುವುದನ್ನು ಪತ್ತೆಹಚ್ಚುತ್ತದೆಯೇ ಹೊರತು ಓದುವುದನ್ನು ತಡೆಯದು. ಗುಟ್ಟಿನ ಮಾಹಿತಿ ಅದರಲ್ಲಿ ಇಡಬಾರದು.

● ಬಾಟ್ ಓಡಿಸುವ ಮುನ್ನ ವಿಕಿಪೀಡಿಯ ಸಮುದಾಯದ ಒಪ್ಪಿಗೆ ಪಡೆಯಬೇಕು. ‘ಕೊಳ್ಳೇಗಾಲ ತಾಲ್ಲೂಕು’ ಎಂದಿದ್ದಲ್ಲೆಲ್ಲ ‘ಹನೂರು’ ಎಂದು ಬರೆದರೆ, ಇಂದಿಗೂ ಕೊಳ್ಳೇಗಾಲದಲ್ಲೇ ಉಳಿದಿರುವ ಹಳ್ಳಿಗಳ ವಿಳಾಸ ಕೆಡುತ್ತದೆ. ಟೋಕನ್ ಸರಿಯಿದ್ದರೆ ಸರ್ವರ್ ಅದನ್ನೂ ಉಳಿಸಿಬಿಡುತ್ತದೆ. ಹಾಗಾಗಿ ಮೊದಲು ಗ್ರಾಮಗಳ ಪಟ್ಟಿ ಹೊಂದಿಸಿಕೊಳ್ಳಿ.