350 ಸಿ.ಸಿ. ಎಂಬ ಗೆರೆ: ದಂಡು ಪ್ರದೇಶದ ಬುಲೆಟ್ ಗ್ಯಾರೇಜುಗಳ ಲಾಭ-ನಷ್ಟದ ಲೆಕ್ಕ

ಶಿವಾಜಿನಗರದ ಗುಜರಿ ಅಂಗಡಿಗಳಿಂದ ಹೊರಟು, ಹಲಸೂರಿನಲ್ಲಿ ಹಳೆಯ ಮದರಾಸು ರಸ್ತೆಯನ್ನು ಹಿಡಿದು, ಇಂದಿರಾನಗರ, ಬೈಯಪ್ಪನಹಳ್ಳಿ, ಟಿನ್ ಫ್ಯಾಕ್ಟರಿಗಳನ್ನು ದಾಟಿ ಕೃಷ್ಣರಾಜಪುರ ಸೇರುವ ಹಾದಿಯು ಬೆಂಗಳೂರಿನ ಕುಶಲ ಕೈಗಾರಿಕೆಯ ಹಾದಿಯೂ ಹೌದು. ದೂರವಾಣಿನಗರದಲ್ಲಿ 1948ರಲ್ಲಿ ಐ.ಟಿ.ಐ., ಬೈಯಪ್ಪನಹಳ್ಳಿಯಲ್ಲಿ 1956ರಲ್ಲಿ ಎನ್.ಜಿ.ಇ.ಎಫ್. ಸ್ಥಾಪನೆಯಾದವು. ಇಂತಹ ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಲೇತ್, ಬೋರಿಂಗ್, ಗ್ರೈಂಡಿಂಗ್ ಕೆಲಸ ಬಲ್ಲ ಕೈಗಳು ಈ ಭಾಗದಲ್ಲಿ ಬೆಳೆದವು. ಎನ್.ಜಿ.ಇ.ಎಫ್. ಇಂದು ಇಲ್ಲ; ಆದರೆ ಲೇತಿನ ಕಸುಬು ಉಳಿದಿದೆ. ಆ ಕಸುಬನ್ನು ಆಶ್ರಯಿಸಿರುವ ಸಣ್ಣ ಉದ್ಯಮಗಳಲ್ಲಿ ಮೋಟಾರ್ ಸೈಕಲ್ ಎಂಜಿನ್ನಿನ ಕೆಲಸವೂ ಒಂದು.

ಇದೇ ರಸ್ತೆಯ ಇನ್ನೊಂದು ತುದಿಯಲ್ಲಿರುವ ಮದರಾಸಿನಲ್ಲಿ 1955ರಲ್ಲಿ, ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಮತ್ತು ಮದ್ರಾಸ್ ಮೋಟಾರ್ಸ್ ಸೇರಿ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯನ್ನು ಕಟ್ಟಿದವು. ಭಾರತೀಯ ಸೇನೆಗೆ ಬೇಕಾಗಿದ್ದ 350 ಸಿ.ಸಿ. ಬುಲೆಟ್ಟೇ ಅದರ ಮೊದಲ ಸರಕು. 1994ರಲ್ಲಿ ಸಂಸ್ಥೆಯು ಐಷರ್ ಸಮೂಹದ ವಶಕ್ಕೆ ಬಂದಿತು. 2002ರಲ್ಲಿ ಬಂದ ಥಂಡರ್‌ಬರ್ಡ್, ನೀಳ ಪ್ರಯಾಣದ ಕ್ರೂಸರ್ ಶೈಲಿಯನ್ನು ಮಧ್ಯಮ ವರ್ಗದ ಕೈಗೆಟುಕುವಂತೆ ಮಾಡಿತು. 2020ರಲ್ಲಿ ಅದರ ಸ್ಥಾನವನ್ನು ಮೀಟಿಯಾರ್ 350 ತುಂಬಿತು. ಈ ಗಾಡಿಗಳನ್ನು ಗ್ಯಾರೇಜಿಗೆ ತರುವ ಗಿರಾಕಿಗಳಲ್ಲಿ ಅನೇಕರ ಬೇಡಿಕೆ ಒಂದೇ: "ಇನ್ನಷ್ಟು ಪವರ್ ಬೇಕು." ಈ ಬೇಡಿಕೆಯನ್ನು ಪೂರೈಸುವುದು ಯಂತ್ರಶಾಸ್ತ್ರದ ದೃಷ್ಟಿಯಿಂದ ಸಾಧ್ಯ. ವ್ಯಾಪಾರದ ದೃಷ್ಟಿಯಿಂದ ಅದು ಲಾಭದಾಯಕವೇ ಎಂಬುದು ಇಲ್ಲಿ ಪರಿಶೀಲಿಸಬೇಕಾದ ವಿಷಯ.

ಹದಿನಾಲ್ಕು ಮಿಲಿಮೀಟರಿನ ಆಕರ್ಷಣೆ

ಥಂಡರ್‌ಬರ್ಡ್ 350ರ ಸಿಲಿಂಡರಿನ ಬೋರ್ 70 ಮಿ.ಮೀ., ಪಿಸ್ಟನ್ನಿನ ಸ್ಟ್ರೋಕ್ 90 ಮಿ.ಮೀ.; ಗಾತ್ರ 346 ಸಿ.ಸಿ. ಅದೇ ಸಂಸ್ಥೆಯ 500ರ ಬೋರ್ 84 ಮಿ.ಮೀ., ಸ್ಟ್ರೋಕ್ ಅದೇ 90 ಮಿ.ಮೀ.; ಗಾತ್ರ 499 ಸಿ.ಸಿ. ಅಂದರೆ ಎರಡಕ್ಕೂ ಇರುವ ಮುಖ್ಯ ಅಂತರ 14 ಮಿ.ಮೀ. ಅಗಲ ಮಾತ್ರ. ಸ್ಟ್ರೋಕ್ ಒಂದೇ ಆಗಿರುವುದರಿಂದ ದೊಡ್ಡ ಬ್ಯಾರಲ್, ಪಿಸ್ಟನ್, ಹೆಡ್‌ಗಳನ್ನು ಕೂಡಿಸಿ 350ನ್ನು 500 ಮಾಡಿಬಿಡಬಹುದೆಂಬ ಆಸೆ ಹುಟ್ಟುವುದು ಸಹಜ. ತಯಾರಕರು ಪ್ರಕಟಿಸಿದ ಪ್ರಕಾರ ಥಂಡರ್‌ಬರ್ಡ್ 350ರ ಶಕ್ತಿ 19.8 ಅಶ್ವಶಕ್ತಿ; 500ರದ್ದು 27.2.

ಆದರೆ ಲೋಹಕ್ಕೂ ಅದರದೇ ಲೆಕ್ಕವಿದೆ. ಬೋರ್ 70ರಿಂದ 84ಕ್ಕೆ ಏರಿದಾಗ ಪಿಸ್ಟನ್ನಿನ ಮುಖದ ವಿಸ್ತೀರ್ಣ ಶೇ. 44ರಷ್ಟು ಹೆಚ್ಚುತ್ತದೆ. ಸಿಲಿಂಡರಿನೊಳಗಿನ ಒತ್ತಡ ಅಷ್ಟೇ ಇದ್ದರೂ ಕನೆಕ್ಟಿಂಗ್ ರಾಡ್, ಬಿಗ್-ಎಂಡ್ ಬೇರಿಂಗ್, ಕ್ಲಚ್, ಚೈನುಗಳು ಶೇ. 44ರಷ್ಟು ಹೆಚ್ಚಿನ ಭಾರವನ್ನು ಹೊರಬೇಕು. ಬೋರ್ ಮುಟ್ಟದೆ ಕ್ಯಾಮ್ ಬದಲಿಸಿ ಎಂಜಿನ್ನಿನ ವೇಗವನ್ನು 5,250 ಸುತ್ತುಗಳಿಂದ 6,500ಕ್ಕೆ ಏರಿಸಿದರೆ, ಪಿಸ್ಟನ್ನು ಎಳೆದಾಡುವ ಜಡತ್ವದ ಬಲ ಶೇ. 53ರಷ್ಟು ಏರುತ್ತದೆ, ಏಕೆಂದರೆ ಆ ಬಲ ವೇಗದ ವರ್ಗಕ್ಕೆ ಅನುಗುಣವಾದುದು. ಹೆಡ್ಡನ್ನು ಉಜ್ಜಿ ಸಂಪೀಡನ ಹೆಚ್ಚಿಸಿದರೆ ಶಾಖ ಹೆಚ್ಚುತ್ತದೆ. ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ನು ಟಿನ್ ಫ್ಯಾಕ್ಟರಿಯ ಸಂಚಾರ ದಟ್ಟಣೆಯಲ್ಲಿ ನಿಂತಾಗ ಆ ಶಾಖಕ್ಕೆ ಹೋಗಲು ದಾರಿಯಿರುವುದಿಲ್ಲ.

ಇಷ್ಟು ಮಾಡಿ ದೊರೆಯುವ ಫಲವಾದರೂ ಎಷ್ಟು? ಗಾಳಿಯ ತಡೆಯನ್ನು ಗೆಲ್ಲಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಶಕ್ತಿಯನ್ನು ಶೇ. 25ರಷ್ಟು ಹೆಚ್ಚಿಸಿದರೂ ಗರಿಷ್ಠ ವೇಗ ಹೆಚ್ಚುವುದು ಸುಮಾರು ಶೇ. 8 ಮಾತ್ರ. ಬ್ರೇಕು, ಟೈರು, ಚಾಸಿಗಳು ಹಳೆಯ ಶಕ್ತಿಗೆಂದು ಮಾಡಿದವುಗಳೇ ಆಗಿರುತ್ತವೆ. ಕಾರ್ಖಾನೆಯೇ 2023ರಲ್ಲಿ ಭಾರತದ ಮಾರುಕಟ್ಟೆಗೆ ತಂದ ಸೂಪರ್ ಮೀಟಿಯಾರ್ 650, ಎರಡು ಸಿಲಿಂಡರುಗಳಿಂದ ಸುಮಾರು 46 ಅಶ್ವಶಕ್ತಿ ಕೊಡುತ್ತದೆ. ಜೊತೆಗೆ ಅದಕ್ಕೆ ತಕ್ಕ ಬ್ರೇಕೂ ಚಾಸಿಯೂ ಬರುತ್ತವೆ. ಗ್ಯಾರೇಜಿನ 350 ಈ ಪೈಪೋಟಿಯಲ್ಲಿ ಗೆಲ್ಲಲಾರದು.

ಕಾಗದದ ಮೇಲಿನ ಗೆರೆ

350 ಸಿ.ಸಿ. ಎಂಬುದು ಬರಿಯ ಎಂಜಿನ್ನಿನ ಅಳತೆಯಲ್ಲ. ತೆರಿಗೆ ಮತ್ತು ವಿಮೆಗಳೂ ಅದೇ ಅಂಕಿಯ ಮೇಲೆ ಗೆರೆ ಎಳೆದಿವೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಮೋಟಾರ್ ಸೈಕಲ್ಲುಗಳಿಗೆ ಜಿ.ಎಸ್.ಟಿ. ಶೇ. 18, ಅದನ್ನು ಮೀರಿದವುಗಳಿಗೆ ಶೇ. 40. ತೆರಿಗೆಪೂರ್ವ ಬೆಲೆ 2 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಒಂದಕ್ಕೆ 36,000, ಇನ್ನೊಂದಕ್ಕೆ 80,000 ರೂಪಾಯಿ ತೆರಿಗೆ. "ಸಣ್ಣದನ್ನು ಕೊಂಡು ದೊಡ್ಡದು ಮಾಡಿಸೋಣ" ಎಂಬ ಗಿರಾಕಿಯ ಯೋಚನೆಗೆ ಈ 44,000 ರೂಪಾಯಿ ಅಂತರ ಇನ್ನಷ್ಟು ಬಲ ಕೊಡಬಹುದು.

ವಿಮೆಯಲ್ಲಿಯೂ ಹಾಗೆಯೇ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಂತೆ, ಮೂರನೆಯ ವ್ಯಕ್ತಿಯ ಹಾನಿಗೆ ಸಂಬಂಧಿಸಿದ ವಾರ್ಷಿಕ ಕಂತು 150ರಿಂದ 350 ಸಿ.ಸಿ. ವರ್ಗಕ್ಕೆ 1,366 ರೂಪಾಯಿ. 350 ಮೀರಿದ ವರ್ಗಕ್ಕೆ 2,804 ರೂಪಾಯಿ. ನೋಂದಣಿ ಪತ್ರದಲ್ಲಿ 346, ಎಂಜಿನ್ನಿನೊಳಗೆ 499 ಎಂದಾದರೆ, ವಿಮಾ ಸಂಸ್ಥೆ ಒಂದು ಅಪಾಯಕ್ಕೆ ಹಣ ಪಡೆದು ಇನ್ನೊಂದನ್ನು ಹೊತ್ತಂತಾಯಿತು. ವಿಮೆಯು ಪರಮ ವಿಶ್ವಾಸದ ಕರಾರು. ಬದಲಾವಣೆಯನ್ನು ಮುಚ್ಚಿಟ್ಟರೆ, ಅಪಘಾತವಾದ ದಿನ ಸ್ವಂತ ಹಾನಿಯ ಪರಿಹಾರ ತಿರಸ್ಕೃತವಾಗುವ ಅಪಾಯವಿದೆ.

ಕಾನೂನು ಇನ್ನೂ ಸ್ಪಷ್ಟ. ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣದ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಹೊಂದದಂತೆ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182-ಎ ಪ್ರಕರಣವು ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸುತ್ತದೆ. ಶಬ್ದ ಮತ್ತು ಹೊಗೆಯ ಮಾನದಂಡ ಮೀರಿದರೆ 190ನೆಯ ಪ್ರಕರಣದಡಿ ದಂಡ 10,000 ರೂಪಾಯಿವರೆಗೂ ಹೋಗಬಹುದು. 2020ರ ಏಪ್ರಿಲ್‌ನಿಂದ ಬಂದ ಭಾರತ್ ಸ್ಟೇಜ್-6 ಗಾಡಿಗಳಲ್ಲಿ ಇಂಧನದ ಹದವನ್ನು ಸೆನ್ಸರುಗಳೇ ನೋಡಿಕೊಳ್ಳುವುದರಿಂದ, ಸೈಲೆನ್ಸರ್ ಕಳಚಿದ ಮಾತ್ರಕ್ಕೆ ಶಕ್ತಿ ಹೆಚ್ಚುವುದಿಲ್ಲ; ಸದ್ದು ಮಾತ್ರ ಹೆಚ್ಚುತ್ತದೆ.

ಹೊಣೆ ಗ್ಯಾರೇಜಿನ ಬಾಗಿಲಿಗೆ

ಶಿಕ್ಷೆ ಮಾಲೀಕನಿಗಲ್ಲವೇ ಎಂದು ಗ್ಯಾರೇಜಿನವರು ನಿಶ್ಚಿಂತರಾಗುವಂತಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019, ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವನ್ನು ತಂದಿದೆ. ತಯಾರಕ ಮತ್ತು ಮಾರಾಟಗಾರರ ಜೊತೆಗೆ, ಉತ್ಪನ್ನಕ್ಕೆ ಸೇವೆ ಒದಗಿಸುವವರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಬಿಲ್ಲು ಕೊಡದಿದ್ದರೆ ಸಾಕ್ಷ್ಯವೇ ಇರದೆಂದು ಭಾವಿಸುವವರು, ತಾವು ಮಾಡದ ಕೆಲಸದ ದೂರು ಬಂದಾಗ ತಮ್ಮ ಪರವಾಗಿಯೂ ಸಾಕ್ಷ್ಯವಿರದು ಎಂಬುದನ್ನು ಮರೆಯುತ್ತಾರೆ.

ಇನ್ನು ಲಾಭದ ಮಾತು. ಲೆಕ್ಕದ ಅನುಕೂಲಕ್ಕಾಗಿ ಒಂದು ಉದಾಹರಣೆ: 350ನ್ನು 500 ಮಾಡುವ ಕೆಲಸಕ್ಕೆ ಗ್ಯಾರೇಜು 60,000 ರೂಪಾಯಿ ಪಡೆಯುತ್ತದೆ ಎಂದಿಟ್ಟುಕೊಳ್ಳೋಣ. ಬಿಡಿಭಾಗಕ್ಕೆ 38,000, ಲೇತ್ ಕೆಲಸಕ್ಕೆ 6,000, ಕೂಲಿಗೆ 6,000 ಕಳೆದರೆ ಉಳಿಕೆ 10,000. ಐದು ಗಾಡಿಗಳಿಂದ 50,000. ಐದರಲ್ಲಿ ಒಂದು ಪಿಸ್ಟನ್ ಕಚ್ಚಿಕೊಂಡು, ಕ್ಲಚ್ ಸುಟ್ಟು ಹಿಂದಿರುಗಿದರೆ, ಗಿರಾಕಿಯನ್ನು ಉಳಿಸಿಕೊಳ್ಳಲು ಕೈಯಿಂದ ಹೋಗುವುದು 25,000. ಲಾಭದ ಅರ್ಧ ಅಲ್ಲಿಗೇ ಮುಗಿಯಿತು. ಹಿಂದಿರುಗಿದ ಗಾಡಿ ಜಾಗ ಹಿಡಿದು ನಿಂತ ದಿನಗಳು ಬೇರೆ. ಅದೇ ಗ್ಯಾರೇಜು ಐದು ಎಂಜಿನ್ನುಗಳನ್ನು ಕಾರ್ಖಾನೆಯ ಅಳತೆಗೇ ಓವರ್‌ಹಾಲ್ ಮಾಡಿ ತಲಾ 6,000 ಉಳಿಸಿದರೆ 30,000 ರೂಪಾಯಿ, ನಿದ್ದೆಗೆಡದೆ, ಕೈಸೇರುತ್ತದೆ. ತೊಡಗಿಸಿದ ಬಂಡವಾಳವೂ ಕಡಿಮೆ.

ಉಳಿದಿರುವ ನೇರ ದಾರಿಗಳು

ಹಾಗೆಂದು ಈ ಕಸುಬಿಗೆ ಕೆಲಸವಿಲ್ಲವೆಂದಲ್ಲ. ಸವೆದ ಸಿಲಿಂಡರನ್ನು ರೀಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಕೂಡಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ವಾಲ್ವ್ ಸೀಟ್ ಕತ್ತರಿಸುವುದು, ಕ್ರ್ಯಾಂಕ್ ಸರಿಪಡಿಸುವುದು, ಹಳೆಯ ಬೀಡುಕಬ್ಬಿಣದ ಬುಲೆಟ್‌ಗೆ ಕಾರ್ಬೊರೇಟರ್ ಹೊಂದಿಸುವುದು ನುರಿತ ಕೈಯನ್ನೇ ಬೇಡುವ ಕೆಲಸಗಳು. ಕಾರ್ಖಾನೆಯ ಶಕ್ತಿಯಲ್ಲಿ ಕಾಲು ಭಾಗ ಕಳೆದುಕೊಂಡು ಬಂದ ಗಾಡಿಗೆ ಆ ಕಾಲು ಭಾಗವನ್ನು ಮರಳಿ ಕೊಟ್ಟರೆ, ಗಿರಾಕಿಗೆ ಅದೇ ಹೊಸ ಪವರ್. ಸ್ಪರ್ಧೆಗೆಂದೇ ಎಂಜಿನ್ ಬಲಪಡಿಸುವವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗಳಿವೆ. ಆ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯತಕ್ಕದ್ದಲ್ಲ ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಪಡೆಯುವುದು ಕ್ಷೇಮ.

ಗುಜರಿ ವರ್ತಕರು ಗಮನಿಸಬೇಕಾದ ಅಂಶಗಳೂ ಇವೆ. ಬ್ಯಾರಲ್, ಪಿಸ್ಟನ್‌ಗಳ ಮಾತು ಬೇರೆ. ಕ್ರ್ಯಾಂಕ್‌ಕೇಸಿನ ಮೇಲೆ ಎಂಜಿನ್ ಸಂಖ್ಯೆ ಇರುತ್ತದೆ. ಮಾರಿದವರ ಗುರುತಿನ ದಾಖಲೆ ಪಡೆಯದೆ ಅದನ್ನು ಕೊಂಡರೆ ಕಳವು ಮಾಲಿನ ಆರೋಪಕ್ಕೆ ಉತ್ತರಿಸಬೇಕಾದೀತು. ಮರುಬಳಕೆಗೆ ಯೋಗ್ಯವಾದ ಹಳೆಯ ಬಿಡಿಭಾಗವನ್ನು ಇದ್ದಂತೆಯೇ ಮಾರುವ ನೋಂದಾಯಿತ ವರ್ತಕರು, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಜಿ.ಎಸ್.ಟಿ. ನಿಯಮ 32(5)ರಂತೆ ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲಷ್ಟೇ ತೆರಿಗೆ ಕಟ್ಟಬಹುದು. ಅದನ್ನೇ ಲೋಹದ ಗುಜರಿಯೆಂದು ನೋಂದಣಿಯಿಲ್ಲದವರಿಂದ ಕೊಂಡರೆ, 2024ರ ಅಕ್ಟೋಬರ್ 10ರಿಂದ ನೋಂದಾಯಿತ ಖರೀದಿದಾರರೇ ತೆರಿಗೆ ಕಟ್ಟಬೇಕು. ಆದುದರಿಂದ ಬಿಡಿಭಾಗ ಮತ್ತು ಗುಜರಿಗಳಿಗೆ ಪ್ರತ್ಯೇಕ ದಾಸ್ತಾನು ಪುಸ್ತಕ ಇಡುವುದು ಅಗತ್ಯ.

ಗ್ಯಾರೇಜುಗಳ ಬಿಲ್ಲಿನ ಕೆಲಸ ಈಗ ಹಗುರವಾಗಿದೆ. ಹಿಂದೆ ಬಿಡಿಭಾಗಕ್ಕೆ ಶೇ. 28, ಕೂಲಿಗೆ ಶೇ. 18 ತೆರಿಗೆಯಿದ್ದುದರಿಂದ ಒಂದನ್ನು ಇನ್ನೊಂದರಲ್ಲಿ ಅಡಗಿಸುವ ಚಾಳಿಗೆ ಅವಕಾಶವಿತ್ತು. 2025ರ ಸೆಪ್ಟೆಂಬರ್‌ನಿಂದ ಎರಡಕ್ಕೂ ಶೇ. 18. ಬಿಡಿಭಾಗ, ಲೇತ್ ಕೆಲಸ, ಕೂಲಿಗಳನ್ನು ಬೇರೆಬೇರೆಯಾಗಿ ನಮೂದಿಸಿದ ಬಿಲ್ಲಿನಿಂದ ನಷ್ಟವೇನೂ ಇಲ್ಲ. ವಿವಾದ ಬಂದಾಗ ಯಾವ ಕೆಲಸ ಮಾಡಲಾಗಿತ್ತು, ಯಾವುದನ್ನು ಮಾಡಿರಲಿಲ್ಲ ಎಂಬುದಕ್ಕೆ ಅದೇ ಆಧಾರ. ಸೇವೆ ಒದಗಿಸುವವರಿಗೆ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂಪಾಯಿ ವಹಿವಾಟು. ಸರಕು ಮಾತ್ರ ಮಾರುವವರ 40 ಲಕ್ಷದ ಮಿತಿ ಗ್ಯಾರೇಜಿಗೆ ಅನ್ವಯಿಸದು.

ಗಿರಾಕಿ ಕೇಳಿದ್ದನ್ನು ಕೊಡುವುದು ವ್ಯಾಪಾರಧರ್ಮವೆಂಬುದು ನಿಜ. ಆದರೆ ಅಳತೆ ಮೀರಿದ ಎಂಜಿನ್ನಿನ ವಿಷಯದಲ್ಲಿ ಗೆರೆಯ ಆಚೆಗಿನ ಲಾಭ ಗಿರಾಕಿಗೆ ಒಂದೆರಡು ವರ್ಷ, ಗ್ಯಾರೇಜಿಗೆ ಒಂದು ದಿನ. ಹೊಣೆ ಮಾತ್ರ ಗಾಡಿ ಓಡುವವರೆಗೂ ಇರುತ್ತದೆ. "ಇದನ್ನು ಮಾಡಿಕೊಡುವುದಿಲ್ಲ, ಅದನ್ನು ಚೆನ್ನಾಗಿ ಮಾಡಿಕೊಡುತ್ತೇವೆ" ಎಂದು ಹೇಳಿ, ಮಾಡಿದ್ದಕ್ಕೆ ಬಿಲ್ಲು ಬರೆಯುವ ಗ್ಯಾರೇಜು ಇಂದು ಒಬ್ಬ ಗಿರಾಕಿಯನ್ನು ಕಳೆದುಕೊಂಡೀತು, ಅಂಗಡಿಯ ಬಾಗಿಲನ್ನಂತೂ ಉಳಿಸಿಕೊಳ್ಳುತ್ತದೆ.