ಹುಳುಕಾಗದ ಹಲ್ಲಿಗೂ ವಸಡಿನ ಕಾಟ

ಲೋಹಕ್ಕೆ ಹುಳುಕು ಹಿಡಿಯುವುದಿಲ್ಲ. ದವಡೆಯ ಮೂಳೆಗೆ ಟೈಟೇನಿಯಂ ಸ್ಕ್ರೂ, ಅಂದರೆ ಇಂಪ್ಲಾಂಟ್, ಕೂರಿಸಿ ಮೇಲೆ ಕ್ಯಾಪ್ ಹಾಕಿಸಿಕೊಂಡವರು ಇನ್ನು ಆ ಜಾಗದ ಚಿಂತೆಯಿಲ್ಲ ಎಂದುಕೊಳ್ಳುವುದು ಇದರಿಂದಲೇ. ಆದರೆ ಅಲ್ಲಿ ಕೆಡುವುದು ಲೋಹವಲ್ಲ, ಅದನ್ನು ಹಿಡಿದಿಟ್ಟ ವಸಡು ಮತ್ತು ಮೂಳೆ. ಸಹಜ ಹಲ್ಲಿನ ಬೇರಿನೊಳಗೆ ವಸಡಿನ ನಾರುಗಳು ಅಡ್ಡಲಾಗಿ ನಾಟಿಕೊಂಡಿರುತ್ತವೆ; ಬೇರಿಗೂ ಮೂಳೆಗೂ ನಡುವಿನ ತೆಳುಪದರದಿಂದಲೂ ವಸಡಿಗೆ ರಕ್ತ ಸಿಗುತ್ತದೆ. ಇಂಪ್ಲಾಂಟಿನ ಸುತ್ತ ಆ ಪದರವೇ ಇಲ್ಲ. ನಾರುಗಳು ಲೋಹಕ್ಕೆ ನಾಟದೆ ಅದರ ಉದ್ದಕ್ಕೆ ಪಕ್ಕದಲ್ಲೇ ಸಾಗುತ್ತವೆ. ಬೇರುಬಿಟ್ಟ ಗಿಡ ಮಣ್ಣನ್ನು ಹಿಡಿದಂತೆ ನೆಟ್ಟ ಗೂಟ ಹಿಡಿಯಲಾರದು.

ಹಾಗಾಗಿ ವಸಡಿನಂಚಿನಲ್ಲಿ ಕಟ್ಟುವ ಬ್ಯಾಕ್ಟೀರಿಯಾದ ಪದರವನ್ನು, ಅಂದರೆ ಪ್ಲಾಕನ್ನು, ದಿನವೂ ತೆಗೆಯುವುದರ ಮೇಲೆ ಇಂಪ್ಲಾಂಟಿನ ಆಯುಸ್ಸು ಬಹುಮಟ್ಟಿಗೆ ನಿಂತಿದೆ. ಮೂರು ವಾರ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡಿದ ಪ್ರಯೋಗಗಳಲ್ಲಿ ಇಂಪ್ಲಾಂಟಿನ ಸುತ್ತ ವಸಡು ಊದಿ ರಕ್ತ ಒಸರಿತು. ಮತ್ತೆ ಉಜ್ಜತೊಡಗಿದಾಗ ಉರಿಯೂತ ಇಳಿಯಿತು. ಈ ಹಂತದಲ್ಲಿ ಮೂಳೆ ಕರಗಿರುವುದಿಲ್ಲ, ಹಿಂದಿರುಗಲು ದಾರಿಯಿದೆ. ಮೂಳೆ ಕರಗತೊಡಗಿದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಹೋದ ಮೂಳೆ ಪೂರ್ತಿ ಮರಳುವ ಖಾತರಿಯೂ ಇಲ್ಲ. ಬ್ರೆಜಿಲ್‌ನಲ್ಲಿ ಮೂಳೆ ಇನ್ನೂ ಕರಗದ ಹಂತದ ಉರಿಯೂತವಿದ್ದ 80 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕ್ರಮವಾಗಿ ಕ್ಲೀನಿಂಗ್ ಮಾಡಿಸಿಕೊಳ್ಳದವರಲ್ಲಿ ಐದು ವರ್ಷದೊಳಗೆ ಶೇ. 44ರಷ್ಟು ಮಂದಿಗೆ ಮೂಳೆ ಕರಗುವ ಹಂತ ಬಂದಿತ್ತು. ಮಾಡಿಸಿಕೊಂಡವರಲ್ಲಿ ಅದು ಶೇ. 18. ತಪ್ಪದೆ ಹೋಗುವವರು ಮೊದಲೇ ಜಾಗರೂಕರಲ್ಲವೇ ಎಂದು ಕೇಳಬಹುದು. ಇರಬಹುದು, ಆದರೆ ಹಲ್ಲುಜ್ಜುವುದನ್ನು ನಿಲ್ಲಿಸಿ, ಮತ್ತೆ ಶುರುಮಾಡಿಸಿದ ಪ್ರಯೋಗಗಳು ತೋರಿಸುವ ದಿಕ್ಕೂ ಅದೇ.

‘ನೋವಿಲ್ಲವಲ್ಲ’ ಎಂಬ ಸಮಾಧಾನವೇ ದೊಡ್ಡ ಅಪಾಯ. ಮೂಳೆ ಸವೆಯುವಾಗಲೂ ಬಹುಪಾಲು ನೋವಿರುವುದಿಲ್ಲ. ಬ್ರಷ್ ತಾಗಿದಾಗ ಒಸರುವ ರಕ್ತವೇ ಮೊದಲ ಸುಳಿವು. ರಕ್ತ ಬಂತೆಂದು ಆ ಜಾಗವನ್ನು ಮುಟ್ಟದೆ ಬಿಟ್ಟರೆ ಪ್ಲಾಕ್ ಇನ್ನಷ್ಟು ದಪ್ಪವಾಗುತ್ತದೆ. ಆ್ಯಂಟಿಬಯೋಟಿಕ್ ಮಾತ್ರೆ ನುಂಗಿದರಾಗದೇ? ಅಂಟಿಕೊಂಡ ಪದರವನ್ನು ಮಾತ್ರೆ ಕಿತ್ತು ತೆಗೆಯದು, ಉಜ್ಜಿಯೇ ತೆಗೆಯಬೇಕು. ಕ್ಯಾಪಿನ ಬುಡದ ಸಂದಿಗೆ ಹೋಗುವ ಸಣ್ಣ ಬ್ರಷ್, ಆಗಾಗ ವಸಡಿನ ಆಳ ಅಳೆಯುವ ದಂತವೈದ್ಯರು, ಹಿಡಿತದಲ್ಲಿರುವ ಸಕ್ಕರೆ ಕಾಯಿಲೆ, ಬಿಟ್ಟ ಬೀಡಿ ಸಿಗರೇಟು: ಇಂಪ್ಲಾಂಟಿನ ನಿಜವಾದ ಖರ್ಚಿನಲ್ಲಿ ಇವೂ ಸೇರಿವೆ. ಸಂದಿಗೆ ಬ್ರಷ್ ಹೋಗದಂತೆ ಕ್ಯಾಪ್ ಕೂತಿದ್ದರೆ ತಪ್ಪು ಉಜ್ಜುವ ಕೈಯದಲ್ಲ. ಅದನ್ನು ವೈದ್ಯರೇ ತಿದ್ದಿಕೊಡಬೇಕು.