ಹೆಜ್ಜೆಯಗಲದ ಹಳ್ಳ

ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ಹೊಸನಗರ ತಾಲ್ಲೂಕಿನ ಪಡುವಣ ಅಂಚು, ನಾಗೋಡಿ ಘಟ್ಟದ ಮೇಲಿನ ಒಂದು ಹಳ್ಳ. ದಾಟಲು ಒಂದು ಹೆಜ್ಜೆ ಸಾಕು. ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಂಡು ಸಂಜೆ ಏಳಕ್ಕೆ ಬಂಡೆಯ ಮೇಲೆ ಕೂತೆ. ಆದರೂ ಉಂಬಳ ಹತ್ತಿದವು.

ಕತ್ತಲು ಗಟ್ಟಿಯಾದ ಮೇಲೆ ಕಲ್ಲುಸಂದಿಯಿಂದ ಮೊದಲ ಕೂಗು. ಇರುಳುಗಪ್ಪೆ. ಸುಕ್ಕು ಚರ್ಮ, ಕಣ್ಣಿನ ಪಾಪೆ ವಜ್ರದ ಆಕಾರ. ನೀರಿನಿಂದ ಗೇಣುದ್ದ ಮೇಲೆ ಬಾಗಿದ ಎಲೆಯೊಂದರ ಮೇಲೆ ಲೋಳೆಯ ಮುದ್ದೆಯಾಗಿ ಇಪ್ಪತ್ತರ ಆಸುಪಾಸು ಮೊಟ್ಟೆ. ಕಪ್ಪೆಯೆಂದರೆ ನೀರಿನಲ್ಲೇ ಮೊಟ್ಟೆಯಿಡುವುದು ಎಂದು ಓದಿ ಬೆಳೆದವನು ನಾನು. ಇದು ಗಾಳಿಗೆ ಬಿಟ್ಟ ಮೊಟ್ಟೆ. ಒಡೆದಾಗ ಮರಿ ನೇರ ಕೆಳಗಿನ ಹಳ್ಳಕ್ಕೆ ಬೀಳಬೇಕು. ಅಲ್ಲಿಯವರೆಗೆ ಅದನ್ನು ಒಣಗದಂತೆ ಕಾಯುವುದು ನೆತ್ತಿಯ ಮೇಲಿನ ನೆರಳು, ಕಾನಿನ ತೇವ.

ತೋಟದ ಬಸಿಗಾಲುವೆ ನೋಡಿಕೊಂಡು ಹೋಗಲು ಬಂದವರೊಬ್ಬರು ಬ್ಯಾಟರಿ ಬಿಟ್ಟು ನಿಂತರು. "ಮಾರಾಯ್ರೆ, ಈ ಮಳೇಲಿ ಏನು ಕಾಯ್ತಾ ಕೂತೀರಿ?" ಮೊಟ್ಟೆ ತೋರಿಸಿದೆ. ಬಗ್ಗಿ ಬಹಳ ಹೊತ್ತು ನೋಡಿದರು. "ನಮ್ಮ ಕೆಳಗಿನ ಹಳ್ಳದಲ್ಲೂ ಇವು ಕೂಗ್ತಿದ್ವು. ದಡದ ಮರ ಹೋದ ಮೇಲೆ ಕೇಳ್ಲಿಲ್ಲ."

ಅವರು ಕಿವಿಯಿಂದ ತಿಳಿದದ್ದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಶರಾವತಿ ಕಣಿವೆ ಸುತ್ತಿ ಅಳೆದಿದ್ದಾರೆ. ಕೆ.ವಿ. ಗುರುರಾಜ, ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಹೊಳೆಹೊಳೆಗೂ ಹೋಗಿ ಕಪ್ಪೆ ಎಣಿಸಿದರು, ಮರಗಳನ್ನೂ ನೆರಳನ್ನೂ ಲೆಕ್ಕಹಾಕಿದರು, 2008ರಲ್ಲಿ ಪ್ರಕಟಿಸಿದರು. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಹಾದು, ಸಾಗರದ ಲಿಂಗನಮಕ್ಕಿಯಲ್ಲಿ 1964ರಿಂದ ಕಟ್ಟೆಯ ಹಿಂದೆ ನಿಂತಿರುವ ನದಿ ಶರಾವತಿ. ಆದರೆ ಅದರ ಎರಡು ಮಗ್ಗುಲು ಒಂದೇ ಅಲ್ಲ. ಪೂರ್ವದ ನಂದಿಹೊಳೆ, ಹರಿದ್ರಾವತಿ, ಮಾವಿನಹೊಳೆಯ ಕಡೆ ಮಳೆಯೂ ಕಡಿಮೆ, ಕಾಡೂ ಹರಿದುಹೋಗಿದೆ. ಪಡುವಣದ ನಾಗೋಡಿ, ಹುರುಳಿಹೊಳೆ, ಎಣ್ಣೆಹೊಳೆಗಳಲ್ಲಿ ನಿತ್ಯಹಸುರು ಉಳಿದಿದೆ. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಕಪ್ಪೆಗಳು ಹೆಚ್ಚಾಗಿ ಸಿಕ್ಕಿದ್ದು ಈ ಪಡುವಣದಲ್ಲಿ, ಇಲ್ಲಿನದೇ ಮರಗಳು ನೆರಳು ಕೊಡುವ ಕಡೆ.

ಮೀನಿನ ಕತೆಯೂ ಹಾಗೇ. ಹರಿವ ನೀರಿನ ಕಲ್ಲುಗಳ ನಡುವೆ ಬದುಕುವ ಬೆರಳುದ್ದದ ಒಂದು ಮೀನಿಗೆ 2006ರಲ್ಲಿ ಶಿಸ್ಟುರಾ ನಾಗೋಡಿಯೆನ್ಸಿಸ್ ಎಂದು ಹೆಸರಾಯಿತು. ಇದೇ ಊರಿನ ಹೆಸರು ಹೊತ್ತಿದೆ. ಅಣೆಕಟ್ಟೆಯ ನಿಂತ ನೀರಿನಲ್ಲಿ ಅದಕ್ಕೆ ಬದುಕಿಲ್ಲ.

ಜೋಗದಿಂದ ಗೇರುಸೊಪ್ಪೆಗೆ ಇಳಿಯುವ ದಾರಿಯ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನು ನೆನೆಯದೆ ಇರಲಾರೆ. 2014ರಲ್ಲಿ ಹೆಸರು ಪಡೆದ ಇರುಳುಗಪ್ಪೆ. ಹೆಣ್ಣು ಮೊಟ್ಟೆಯಿಟ್ಟು ಹೊರಟ ಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಹಳ್ಳದ ಕೆಸರು ಬಾಚಿ ಮೊಟ್ಟೆಗೆ ಮೆತ್ತುತ್ತದೆ. ಇದನ್ನು ಯಾರೋ ಕೂತು ನೋಡಿದ್ದರಿಂದ ನಮಗೆ ತಿಳಿಯಿತು. ಒಂದು ರಾತ್ರಿಯಲ್ಲ, ಹಲವು ಮಳೆಗಾಲ. ಯಾವುದೇ ಯೋಜನೆಗೆ ಮುಂಚೆ ಒಂದೆರಡು ಋತು ಓಡಾಡಿ ಬರೆವ ವರದಿಯಲ್ಲಿ ಇಂಥದ್ದು ಸಿಗುವುದು ಕಷ್ಟ. ಈಗ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ವಿದ್ಯುತ್ ಯೋಜನೆಯ ಮಾತು ನಡೆದಿರುವಾಗ ನನಗೆ ಆತಂಕ ಇರುವುದು ಅಲ್ಲೇ. ಕಡಿಯುವ ಮರವನ್ನು ಎಣಿಸಬಹುದು. ಮರದ ನೆರಳನ್ನು ನಂಬಿದ್ದ ಹೆಜ್ಜೆಯಗಲದ ಹಳ್ಳಗಳನ್ನು ಯಾರು ಎಣಿಸಿದ್ದಾರೆ?

ಆ ರಾತ್ರಿಯಿಂದ ಹನ್ನೆರಡನೇ ದಿನ ಮತ್ತೆ ಹೋದೆ, ಪುಷ್ಯ ಮಳೆ ಶುರುವಾಗುವ ಹೊತ್ತು. ತೋಟದವರು ನನಗಿಂತ ಮುಂಚೆ ಬಂದಿದ್ದರು. ಲೋಳೆ ತಿಳಿಯಾಗಿ ಒಳಗೆ ಬಾಲಗಳು ಅಲುಗುತ್ತಿದ್ದವು. ಹನಿ ಬಿದ್ದಾಗ ಒಂದು ಜಾರಿತು, ಎಲೆಯ ತುದಿಯಲ್ಲಿ ಕ್ಷಣ ತೂಗಿ ನೀರಿಗೆ ಬಿತ್ತು.

"ಒಂದು ಹೋಯ್ತು" ಎಂದರು ಅವರು, ಮುಂದಿನದಕ್ಕೆ ಬ್ಯಾಟರಿ ಹಿಡಿದು.